ಕೋಳಿಗೂಡಿನ ವಾಸ

ನಮ್ಮ ಕೋಳಿಗೂಡಿನ ಬಾಗಿಲಿಗೆ ಅಂಟಿಸಿದ್ದ ನೋಟೀಸನ್ನು ಮೊದಲು ಓದಿದವಳು ನಾನು. ನನಗಿಂತ ಮುಂಚೆ ಒಂದು ಕೋಳಿ ಅದರ ಕೆಳಗಿನ ಮೂಲೆಯನ್ನು ಕುಕ್ಕಿ ತಿಂದಿತ್ತು, ಆದರೆ ಅದು ಓದಿತ್ತು ಅಂತ ಹೇಳಲಾರೆ. ನೋಟೀಸಿನಲ್ಲಿ ಹೀಗಿತ್ತು: "ತಮ್ಮ ಹಿತ್ತಲಿನ ಕೋಳಿಗೂಡಿನ ವಾಸ ನೆರೆಯವರಿಗೆಲ್ಲ ಸಹಿಸಲಾಗದಂತಿದೆ ಎಂದು ದೂರು ಬಂದಿರುತ್ತದೆ. ಹದಿನೈದು ದಿನಗಳೊಳಗೆ ಸದರಿ ವಾಸವನ್ನು ಪೂರ್ತಿ ನಿಲ್ಲಿಸತಕ್ಕದ್ದು. ತಪ್ಪಿದಲ್ಲಿ ಗೂಡನ್ನು ತೆರವುಗೊಳಿಸಿ ಕೋಳಿಗಳನ್ನು ವಶಕ್ಕೆ ತೆಗೆದುಕೊಳ್ಳಲಾಗುವುದು."

ದೂರು ಬರುತ್ತದೆ ಅನ್ನುವುದು ನನಗೆ ಗೊತ್ತೇ ಇತ್ತು. ಒಂದು ತಿಂಗಳಿಂದ ಗೂಡು ಗಬ್ಬು ನಾರುತ್ತಿತ್ತು. ಆದರೆ ವಾಸನೆಯ ಬಗ್ಗೆ ಬರಬೇಕಾದ ದೂರು ವಾಸದ ಬಗ್ಗೆ ಬಂದಿತ್ತು. ಪಾಪದ ಒಂದು 'ನೆ' ದಾರಿಯಲ್ಲೆಲ್ಲೋ ಉದುರಿಹೋಗಿತ್ತು. ಒಳ್ಳೆಯದೇ ಆಯಿತು, ಕೋಳಿಗೂಡಿನಲ್ಲಿ ಯಾರೂ ವಾಸ ಇಲ್ಲ ಅಂತ ಬರೆದುಕೊಟ್ಟರೆ ಮುಗಿಯಿತಲ್ಲ ಅಂದುಕೊಂಡು ನಗುತ್ತಾ ಒಳಗೆ ಬಂದೆ. ಆ ನಗು ನಾಲ್ಕು ದಿನ ಬಾಳಲಿಲ್ಲ.

ಮನೆಯಲ್ಲಿ ನಾವು ಮೂವರು. ನಾನು ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತೇನೆ. ನನ್ನ ಗಂಡ ಫ್ರಿಜ್ ರಿಪೇರಿ ಮಾಡುತ್ತಾರೆ. ಅತ್ತೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು, ನಿವೃತ್ತಿಯಾದ ಮಾರನೇ ದಿನವೇ ಆರು ಕೋಳಿ ತಂದರು. ಆಸ್ಪತ್ರೆ ಬಿಟ್ಟರೂ ಆಸ್ಪತ್ರೆ ಅವರನ್ನು ಬಿಡಲಿಲ್ಲ, ಹಾಗಾಗಿ ಕೋಳಿಗಳಿಗೆ ಇಟ್ಟ ಹೆಸರೂ ಅಲ್ಲಿಯವೇ. ಎಲ್ಲರನ್ನೂ ಗದರಿಸುವವಳು ಹೆಡ್ ನರ್ಸು. ಕಾಳು ತೂಗಿ ತೂಗಿ ತಿನ್ನುವವಳು ಕಾಂಪೌಂಡರು. ಜೋಡಿಯಾಗಿ ಓಡಾಡುವ ಎರಡು ಆಯಾಗಳು. ಮೂಳೆ ಎಣಿಸಬಹುದಾದಷ್ಟು ತೆಳ್ಳಗಿರುವವಳು ಎಕ್ಸ್‌ರೇ. ಬಂದಾಗಿನಿಂದ ಒಂದು ಮೊಟ್ಟೆಯನ್ನೂ ಇಡದೆ ಗೋಡೆಗೊರಗಿ ನಿಲ್ಲುವವಳ ಹೆಸರು ರಜೆ.

ನೋಟೀಸು ಓದಿ ಹೇಳಿದಾಗ ಅತ್ತೆ ಬಟಾಣಿ ಸುಲಿಯುತ್ತಿದ್ದರು. ಕೈ ನಿಲ್ಲಲಿಲ್ಲ. ಕೋಳಿಗಳನ್ನು ತೆಗೆದುಕೊಂಡು ಹೋದ ದಿನವೇ ತಾವೂ ಮಗಳ ಮನೆಗೆ ಹೊರಡುವುದಾಗಿ ಹೇಳಿದರು. ಸಿಟ್ಟಿನಿಂದ ಹೇಳಿದ್ದಲ್ಲ. ನಾಳೆ ಹಾಲು ತರಬೇಕು ಅನ್ನುವ ಹಾಗೆ ಹೇಳಿದರು, ಅದಕ್ಕೇ ನನ್ನ ಎದೆ ಧಸಕ್ ಅಂದಿತು.

ನನಗೆ ಅತ್ತೆ ಬೇಕು. ಸೊಸೆಯೊಬ್ಬಳು ಹೀಗಂದರೆ ಕೇಳಿದವರು ಮೂಗು ಮುರಿಯುತ್ತಾರೆ, ಮುರಿದುಕೊಳ್ಳಲಿ. ನನ್ನ ಗಂಡ ಒಳ್ಳೆಯವರೇ, ಆದರೆ ಮಾತಿನಲ್ಲಿ ಜಿಪುಣ. ಅವರು ರಿಪೇರಿ ಮಾಡುವ ಫ್ರಿಜ್ಜುಗಳು ಅವರಿಗಿಂತ ಹೆಚ್ಚು ಗುರ್ ಅನ್ನುತ್ತವೆ. ಹನ್ನೊಂದು ವರ್ಷದಿಂದ ನಾನು ನಕ್ಕಿದ್ದು, ಜಗಳವಾಡಿದ್ದು, ಅಳತೆ ತಪ್ಪಿ ಹೊಲಿದು ಅತ್ತಿದ್ದು ಎಲ್ಲ ಅತ್ತೆಯ ಜೊತೆ. ಅವರು ಹೋದರೆ ನಾನು ಮಿಷನ್ ಜೊತೆ ಮಾತಾಡಬೇಕಾಗುತ್ತದೆ. ಮಗಳ ಮನೆ ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ ದೂರ, ಅಲ್ಲಿಗೆ ಹೋದವರು ವಾರಕ್ಕೊಮ್ಮೆ ಬಂದುಹೋಗುವುದಿಲ್ಲ.

ಗೂಡು ನಾರಲು ಶುರುವಾದದ್ದು ಹೇಗೆ ಅನ್ನುವುದನ್ನು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಪ್ಪು ಕೋಳಿಗಳ ತಲೆಗೆ ಬರುತ್ತದೆ. ಆ ಗೂಡನ್ನು ಕಟ್ಟಿದವರು ನನ್ನ ಗಂಡ. ಮುಚ್ಚಿಹೋದ ಐಸ್‌ಕ್ರೀಂ ಅಂಗಡಿಯ ಶೀತಲ ಕೋಣೆಯ ಗೋಡೆಗಳನ್ನು ತಂದು, ಆಳು ನಿಲ್ಲುವಷ್ಟು ಎತ್ತರಕ್ಕೆ ಕಟ್ಟಿದ್ದರು. ಬಾಗಿಲಿಗೆ ಅದೇ ಅಂಗಡಿಯ ದಪ್ಪ ಹಿಡಿಕೆ. ಮಾಡಿನ ಕೆಳಗೆ ಸುತ್ತಲೂ ಒಂದು ಗೇಣು ಅಗಲದ ಜಾಲರಿ ಕಿಂಡಿ ಇತ್ತು, ಅದು ಅತ್ತೆಯ ಹಟಕ್ಕೆ ಬಿಟ್ಟದ್ದು. ಗಂಡನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಇಪ್ಪತ್ತು ವರ್ಷ ಫ್ರಿಜ್ ರಿಪೇರಿ ಮಾಡಿದ ಮನುಷ್ಯನಿಗೆ ಜಗತ್ತಿನ ಕಾಯಿಲೆಗಳೆಲ್ಲ ಒಂದೇ, ಎಲ್ಲೋ ಗಾಳಿ ಸೋರುತ್ತಿದೆ ಅನ್ನುವುದು.

ಒಂದು ದಿನ ಪಕ್ಕದ ಮನೆಯವರು ಗೋಡೆಯ ಮೇಲಿಂದ ತಲೆ ಹಾಕಿ, ನಿಮ್ಮ ಗೂಡಿನಿಂದ ಸ್ವಲ್ಪ ವಾಸನೆ ಬರುತ್ತಿದೆ ಅಂದರು. ನಿಜಕ್ಕೂ ಸ್ವಲ್ಪವೇ ಇತ್ತು, ನೀರಿನ ಡಬ್ಬ ಸೋರಿ ಒಂದು ಮೂಲೆ ಒದ್ದೆಯಾಗಿತ್ತು. ಗಂಡ ಅದೇ ಸಂಜೆ ಕಿಂಡಿಗಳನ್ನೆಲ್ಲ ಥರ್ಮಾಕೋಲಿನಿಂದ ಮುಚ್ಚಿ, ಬಾಗಿಲಿನ ಸುತ್ತ ಫ್ರಿಜ್ಜಿನ ರಬ್ಬರ್ ಪಟ್ಟಿ ಜಡಿದುಬಿಟ್ಟರು. ಬಾಗಿಲು ಹಾಕಿದರೆ ಟಪ್ ಅಂತ ಹೀರಿಕೊಂಡು ಕೂರುತ್ತಿತ್ತು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನಮ್ಮ ಮದುವೆಯ ದಿನ ನೋಡಿರಲಿಲ್ಲ.

ಎರಡು ದಿನ ವಾಸನೆ ನಿಜವಾಗಿಯೂ ಹೊರಗೆ ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಾಗಿಲು ತೆರೆದಾಗ ಮೂರು ದಿನದ್ದು ಒಟ್ಟಿಗೆ ಬಂತು. ಒಳಗೆ ಗೋಡೆಗಳು ಬೆವರುತ್ತಿದ್ದವು, ನೆಲದ ಹೊಟ್ಟು ಕಲಸಿದ ಹಿಟ್ಟಿನಂತಾಗಿತ್ತು, ಕೋಳಿಗಳ ಕಣ್ಣಲ್ಲಿ ನೀರು. ಎಕ್ಸ್‌ರೇ ಸೀನುತ್ತಿದ್ದಳು. ಗಂಡ ಇದಕ್ಕೆಲ್ಲ ಸೊಪ್ಪು ಹಾಕುವವರಲ್ಲ. ಕಾರಿನೊಳಗೆ ತೂಗುಹಾಕುವ ನಿಂಬೆ ಪರಿಮಳದ ಬಿಲ್ಲೆಗಳನ್ನು ಎಂಟು ತಂದು ಒಳಗೆ ಕಟ್ಟಿದರು. ಆಮೇಲೆ ಗೂಡು ಕೋಳಿ ಹಿಕ್ಕೆಯ ಜೊತೆಗೆ ನಿಂಬೆಹಣ್ಣೂ ಕೊಳೆತಂತೆ ನಾರತೊಡಗಿತು.

ಆಗ ಅತ್ತೆ ಮಗನನ್ನು ಹಿತ್ತಲಿನಲ್ಲಿ ನಿಲ್ಲಿಸಿಕೊಂಡು ತರಾಟೆಗೆ ತೆಗೆದುಕೊಂಡದ್ದು ಇಡೀ ಬೀದಿಗೆ ಕೇಳಿಸಿತು. "ಆರು ಜೀವ ಉಸಿರಾಡ್ತಾವೆ ಕಣೋ ಅಲ್ಲಿ. ಬಿಟ್ಟ ಉಸಿರೆಲ್ಲ ನೀರೇ. ಆ ನೀರು ಎಲ್ಲಿಗೆ ಹೋಗ್ಬೇಕು? ಅವಕ್ಕೆ ಬಾಯಿಲ್ಲ, ಇದ್ದಿದ್ರೆ ನಿನಗೆ ಚೆನ್ನಾಗಿ ಹೇಳಿರೋವು." ಗಂಡ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಮರುದಿನ ಬಾಗಿಲಿಗೆ ಇನ್ನೊಂದು ಸಾಲು ರಬ್ಬರ್ ಹಾಕಿದರು.

ನೋಟೀಸು ಬಂದ ಮೇಲೆ ಮಾತ್ರ ಅವರ ಜಂಭ ಇಳಿಯಿತು. ನೋಟೀಸಿನಲ್ಲಿ ಏನಾದರೂ ಬರೆದಿರಲಿ, ದೂರು ಯಾತಕ್ಕೆ ಹೋಗಿತ್ತು ಅನ್ನುವುದು ನಮಗೆ ಗೊತ್ತಿತ್ತಲ್ಲ. ಗೂಡನ್ನು ಅತ್ತೆಯ ಕೈಗೆ ಒಪ್ಪಿಸಿ ಅವರು ಕೆಲಸಕ್ಕೆ ಹೋದರು. ಅತ್ತೆ ಚಾಕು ತೆಗೆದುಕೊಂಡು ರಬ್ಬರನ್ನೆಲ್ಲ ಹಾವಿನ ಪೊರೆ ಸುಲಿದಂತೆ ಸುಲಿದು ಬಿಸಾಡಿದರು. ಥರ್ಮಾಕೋಲು ಕಿತ್ತರು, ನಿಂಬೆ ಬಿಲ್ಲೆಗಳನ್ನು ನೆಲದಲ್ಲಿ ಹೂತರು.

ಆಸ್ಪತ್ರೆಯಲ್ಲಿ ದಿನಕ್ಕೆ ನಾನೂರು ಹಾಸಿಗೆಯ ಬಟ್ಟೆ ಒಣಗಿಸಿದವರಿಗೆ ಈ ಗೂಡು ಯಾವ ಲೆಕ್ಕ. ಅವರ ಪ್ರಕಾರ ಒಣಗಿದ್ದು ಯಾವುದೂ ನಾರುವುದಿಲ್ಲ, ನಾರುತ್ತಿದೆ ಅಂದರೆ ಯಾರೋ ಒಣಗಿಸುವ ಕೆಲಸ ಅರ್ಧಕ್ಕೆ ಬಿಟ್ಟಿದ್ದಾರೆ. ಒದ್ದೆ ಹೊಟ್ಟನ್ನು ನಾನು ಹನ್ನೆರಡು ಬುಟ್ಟಿ ಹೊತ್ತು ಹಾಕಿದೆ. ಬಡಗಿಯ ಅಂಗಡಿಯಿಂದ ಒಣಗಿದ ಮರದ ಸಿಪ್ಪೆ ತಂದು ಅಂಗೈ ಎತ್ತರಕ್ಕೆ ಹರಡಿದೆವು. ಕೋಳಿಗಳು ಕೂರುವ ಕೋಲಿನ ಕೆಳಗೆ ಹಳೆಯ ಫ್ರಿಜ್ಜಿನ ತಟ್ಟೆಗಳನ್ನಿಟ್ಟು, ಬೆಳಿಗ್ಗೆ ಎದ್ದ ತಕ್ಷಣ ಹಿಕ್ಕೆ ಕೆರೆದು ತೆಗೆಯುವುದು ನನ್ನ ಪಾಲಿಗೆ ಬಂತು. ಸೋರುವ ಡಬ್ಬ ಹೋಗಿ, ಎರಡು ಇಟ್ಟಿಗೆಯ ಮೇಲೆ ಹೊಸ ಡಬ್ಬ ಬಂತು. ಅತ್ತೆ ದಿನಕ್ಕೆರಡು ಸಲ ಸಿಪ್ಪೆಯನ್ನು ಮುಷ್ಟಿಯಲ್ಲಿ ಹಿಂಡಿ ನೋಡುತ್ತಿದ್ದರು. ಕೈ ಬಿಚ್ಚಿದಾಗ ಉದುರಿದರೆ ಸರಿ, ಉಂಡೆಯಾಗಿ ಕೂತರೆ ಮತ್ತೆ ಕೆದರು.

ಮೂಗಿನಿಂದ ನೋಡುವುದಕ್ಕೂ ಅವರದೊಂದು ಕ್ರಮ. ನಿಂತು ಮೂಸಿದರೆ ಗೊತ್ತಾಗುವುದಿಲ್ಲ, ಕೋಳಿ ಕೂರುವಷ್ಟು ಕೆಳಗೆ ಕೂತು ಮೂಸಬೇಕು ಅನ್ನುವರು. ಅದಕ್ಕಾಗಿ ಒಳಗೊಂದು ಮೋಟು ಸ್ಟೂಲು ಇಟ್ಟುಕೊಂಡಿದ್ದರು. ಒಂದು ವಾರದೊಳಗೆ ಕಣ್ಣು ಉರಿಯುವುದು ನಿಂತಿತು, ಎಕ್ಸ್‌ರೇ ಸೀನುವುದು ನಿಂತಿತು, ಗೂಡಿನೊಳಗೆ ಬಡಗಿಯ ಅಂಗಡಿಯ ತಿಳಿಯಾದ ಮರದ ವಾಸನೆ ಬಿಟ್ಟರೆ ಏನೂ ಇರಲಿಲ್ಲ. ವಾಸನೆ ಹೋಯಿತು. ವಾಸ ಮಾತ್ರ ಉಳಿಯಿತು.

ಯಾಕೆಂದರೆ ನಾಲ್ಕನೇ ದಿನ ನಾನು ನೋಟೀಸು ಕಳಿಸಿದ ನಗರಸಭೆ ಕಚೇರಿಗೆ ಹೋಗಿದ್ದೆ. ಅಲ್ಲಿ ವಾಸನೆಯನ್ನು ನೋಡಿಕೊಳ್ಳುವುದು ನೈರ್ಮಲ್ಯ ವಿಭಾಗ, ನೆಲಮಹಡಿ. ವಾಸವನ್ನು ನೋಡಿಕೊಳ್ಳುವುದು ವಸತಿ ವಿಭಾಗ, ಮೇಲಿನ ಮಹಡಿ. ನಮ್ಮ ಕಡತ ಮೇಲಕ್ಕೆ ಹತ್ತಿಬಿಟ್ಟಿತ್ತು. ಒಂದು ಅಕ್ಷರ ಬಿಟ್ಟುಹೋಗಿದೆ ಅಂತ ಹೇಳಿದೆ. ಮೇಜಿನ ಹಿಂದಿದ್ದವರು ತಾಳ್ಮೆಯಿಂದಲೇ ವಿವರಿಸಿದರು. ದೂರು ಕೊಟ್ಟವರು ಖುದ್ದಾಗಿ ತಿದ್ದಿ ಸಹಿ ಹಾಕಬೇಕು, ದೂರಿಗೆ ಗುರಿಯಾದವರು ಬಂದು ದೂರನ್ನು ತಿದ್ದುವುದು ಅಂದರೆ ಕಳ್ಳ ಬಂದು ಪೊಲೀಸರ ಡೈರಿ ತಿದ್ದಿದ ಹಾಗೆ ಅಂದರು. ನಾನು ಮುಖ ಗಂಟಿಕ್ಕಿಕೊಂಡು ವಾಪಸು ಬಂದೆ.

ಆರನೇ ದಿನ ವಸತಿ ವಿಭಾಗದ ಇನ್ಸ್‌ಪೆಕ್ಟರು ಬಂದರು. ಒಳ್ಳೆಯ ಮನುಷ್ಯ, ಚಪ್ಪಲಿ ಹೊರಗೆ ಬಿಟ್ಟು ಗೂಡಿನೊಳಗೆ ಹೋದರು. ಅವರ ಕೈಯಲ್ಲಿ ನಾಲ್ಕು ಪುಟದ ನಮೂನೆ ಇತ್ತು. ಇಲ್ಲಿ ಮನುಷ್ಯರು ಯಾರೂ ವಾಸವಿಲ್ಲ ಅಂತ ನಾನು ಹೇಳಿದೆ. ಅವರು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿ, ಇದರಲ್ಲಿ ಮನುಷ್ಯರು ಅಂತ ಎಲ್ಲೂ ಇಲ್ಲ, ವಾಸಿಸುವವರು ಅಂತಷ್ಟೇ ಇದೆ ಅಂದರು. ಆಮೇಲೆ ವಾಸಿಸುವವರನ್ನು ಎಣಿಸತೊಡಗಿದರು. ಆಯಾಗಳು ಓಡಾಡುತ್ತಿದ್ದರಿಂದ ಎರಡು ಸಲ ಲೆಕ್ಕ ತಪ್ಪಿತು.

ಕುಟುಂಬದ ಮುಖ್ಯಸ್ಥರು ಯಾರು ಅಂತ ಕೇಳಿದಾಗ ನನ್ನ ಬಾಯಿ ತಪ್ಪಿ ಹೆಡ್ ನರ್ಸು ಅಂದುಬಿಟ್ಟೆ, ಅವರು ಬರೆದುಕೊಂಡರು. ಉದ್ಯೋಗ ಕೇಳಿದರು. ಮೊಟ್ಟೆ ಇಡುತ್ತವೆ ಅಂದೆ. ಸ್ವಂತ ಉದ್ಯೋಗ ಅಂತ ಬರೆದರು. ರಜೆಯನ್ನು ತೋರಿಸಿ ಇವಳು ಏನೂ ಮಾಡುವುದಿಲ್ಲ ಅಂದದ್ದಕ್ಕೆ ನಿರುದ್ಯೋಗಿ ಅಂತ ಸೇರಿಸಿದರು. ಮಕ್ಕಳ ಕಾಲಮ್ಮಿನ ಮುಂದೆ ಗೂಡಿನ ಮೂಲೆಯಲ್ಲಿದ್ದ ಮೂರು ಮೊಟ್ಟೆಗಳನ್ನು ನೋಡಿ ಸ್ವಲ್ಪ ಹೊತ್ತು ಯೋಚಿಸಿ, ಜನನ ಬಾಕಿ ಅಂತ ಬರೆದರು. ಇವರಿಗೆ ಬೇರೆ ಕಾಯಂ ವಿಳಾಸ ಇದೆಯಾ ಅಂತ ಕೇಳಿದಾಗ ನನಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಹೊರಡುವಾಗ ಅವರು ನನ್ನನ್ನು ಸಮಾಧಾನ ಮಾಡಿದರು. ಗೂಡು ಗಾಳಿ ಬೆಳಕಿನಿಂದ ಚೆನ್ನಾಗಿದೆ, ತಮ್ಮ ಕ್ವಾರ್ಟರ್ಸ್ ಕೂಡ ಹೀಗಿಲ್ಲ, ಆದರೆ ಆರು ಜನರ ವಾಸ ಕಣ್ಣಿಗೆ ಕಾಣುತ್ತಿರುವಾಗ ತಾವು ಏನೂ ಮಾಡುವಂತಿಲ್ಲ, ಹದಿನೈದನೇ ದಿನ ಬಂದು ನೋಡುವುದಾಗಿ ಹೇಳಿದರು.

ಇನ್ನು ಉಳಿದಿದ್ದು ದೂರು ಕೊಟ್ಟವರು, ಗೋಡೆಯ ಮೇಲಿಂದ ತಲೆ ಹಾಕಿದ್ದ ಅದೇ ಪಕ್ಕದ ಮನೆಯವರು. ಅವರನ್ನು ಬೀದಿಯವರೆಲ್ಲ ಒತ್ತಕ್ಷರ ಅನ್ನುತ್ತಾರೆ, ಅವರ ಎದುರಿಗಲ್ಲ. ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದ ಒಂಟಿ ಮನುಷ್ಯ. ಯಾರ ಮನೆಯ ಶುಭ ಸಮಾಚಾರದ ಕಾರ್ಡು ಬಂದರೂ ತಪ್ಪುಗಳಿಗೆ ಕೆಂಪು ಸುತ್ತು ಹಾಕಿ ವಾಪಸು ಕಳಿಸುವರು. ನನ್ನ ಬಾಗಿಲಿನ ಹೊಲಿಗೆ ಬೋರ್ಡಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ ಅಂತ ಐದು ವರ್ಷ ನನ್ನ ಹತ್ತಿರ ಬಟ್ಟೆ ಕೊಡಲಿಲ್ಲ. ಪದವನ್ನು ಸಾಲಿನ ಕೊನೆಯಲ್ಲಿ ಅಡ್ಡಗೆರೆ ಇಲ್ಲದೆ ಎರಡು ತುಂಡು ಮಾಡುವವರನ್ನು ಕಂಡರೆ ಅವರಿಗೆ ಕೊಲೆಗಾರರನ್ನು ಕಂಡ ಹಾಗೆ. ಅಂಥ ಒಬ್ಬ ಹುಡುಗನನ್ನು ಅಚ್ಚುಕೂಟದಿಂದಲೇ ಬಿಡಿಸಿದ್ದೆ ಅಂತ ಹೆಮ್ಮೆಯಿಂದ ಹೇಳಿಕೊಳ್ಳುವರು.

ಒಂಬತ್ತನೇ ದಿನ ನೋಟೀಸು ಹಿಡಿದು ಅವರ ಮನೆಗೆ ಹೋದೆ. ಓದಿದ ಕೂಡಲೇ ಅವರ ಮುಖ ಅರಳಿತು. ಸರ್ಕಾರಿ ಕಾಗದದಲ್ಲಿ ತಪ್ಪು ಸಿಕ್ಕಿತ್ತಲ್ಲ, ನಮ್ಮ ಮೇಲಿನ ಸಿಟ್ಟೆಲ್ಲ ಮರೆತರು. ಈಗಲೇ ಬಂದು ಅವರ ಮುಖಕ್ಕೆ ಹೇಳುತ್ತೇನೆ, ನಾನು ಬರೆದದ್ದರ ನಕಲು ಇದೆ, ತೋರಿಸುತ್ತೇನೆ ಅಂತ ಕಡತ ತೆಗೆದರು. ಕಾರ್ಬನ್ ಹಾಳೆಯ ನಕಲನ್ನು ನನ್ನ ಮುಂದೆ ಹಿಡಿದು ಬೆರಳಿಟ್ಟು ಓದತೊಡಗಿದರು. ಬೆರಳು ಮೊದಲನೇ ಸಾಲಿನ ಕೊನೆಗೆ ಬಂದು ನಿಂತಿತು.

ಮೊದಲನೇ ಸಾಲು "ಕೋಳಿಗೂಡಿನ ವಾಸ" ಅಂತ ಮುಗಿದಿತ್ತು. ಹಾಳೆಯಲ್ಲಿ ಜಾಗ ಸಾಲದೆ ಎರಡನೇ ಸಾಲು "ನೆ ನೆರೆಯವರಿಗೆಲ್ಲ" ಅಂತ ಶುರುವಾಗಿತ್ತು. ನಡುವೆ ಅಡ್ಡಗೆರೆ ಇರಲಿಲ್ಲ. ಕಚೇರಿಯ ಟೈಪಿಸ್ಟು ಎರಡು 'ನೆ' ನೋಡಿ, ಪಾಪ ಯಾರೋ ಮುದುಕರು ಕೈ ನಡುಗಿ ಎರಡು ಸಲ ಬರೆದಿದ್ದಾರೆ ಅಂತ ಒಂದನ್ನು ತೆಗೆದುಹಾಕಿದ್ದಿರಬೇಕು. ಒಳ್ಳೆಯ ಮನಸ್ಸಿನಿಂದಲೇ ತಿದ್ದಿದ್ದ.

ಒತ್ತಕ್ಷರ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಅಡ್ಡಗೆರೆ ಅಷ್ಟರಲ್ಲಿ ಹುಟ್ಟಿರಲಿಲ್ಲ. "ಸೀಳಿಬಿಟ್ಟಿದ್ದೀನಿ" ಅಂದರು ಮೆಲ್ಲಗೆ. ಬಂದು ಇದನ್ನೇ ಹೇಳಿ ಸಹಿ ಹಾಕಿದರೆ ಸಾಕು ಅಂತ ನಾನು ಬೇಡಿಕೊಂಡೆ. ನನ್ನ ಅತ್ತೆ ಹೊರಟುಹೋಗುತ್ತಾರೆ ಅಂತಲೂ ಹೇಳಿದೆ. ಅವರು ತಲೆ ನೋಯುತ್ತಿದೆ ಅಂತ ಎದ್ದು ಒಳಗೆ ಹೋದರು. ಆಮೇಲೆ ಐದು ದಿನ ಅವರ ಬಾಗಿಲು ಬಡಿದೆ. ಜಪ್ಪಯ್ಯ ಅಂದರೂ ತೆಗೆಯಲಿಲ್ಲ.

ಹದಿನಾಲ್ಕನೇ ದಿನ ಗಂಡ ಊಟದ ನಡುವೆ ಬಾಯಿ ತೆರೆದರು. ಇನ್ಸ್‌ಪೆಕ್ಟರು ಬರುವ ಹೊತ್ತಿಗೆ ಕೋಳಿಗಳನ್ನು ಮನೆಯೊಳಗೆ ತಂದಿಟ್ಟುಕೊಂಡರೆ ಗೂಡು ಖಾಲಿ ಕಾಣುತ್ತದೆ, ಖಾಲಿ ಗೂಡಿನಲ್ಲಿ ವಾಸ ಎಲ್ಲಿಂದ ಬರುತ್ತದೆ ಅಂದರು. ವರ್ಷಕ್ಕೊಮ್ಮೆ ಮಾತಾಡುವವರು ಆಡಿದ ಮಾತು ಅಂತ ನಾವೂ ಒಪ್ಪಿದೆವು. ಮರುದಿನ ಬೆಳಿಗ್ಗೆ ಆರೂ ಕೋಳಿಗಳು ನನ್ನ ಹೊಲಿಗೆಯ ಕೋಣೆಗೆ ಬಂದವು. ಹೆಡ್ ನರ್ಸು ಮಿಷನ್ ಹತ್ತಿ ಕೂತಳು. ಕಾಂಪೌಂಡರು ಗುಂಡಿಗಳ ಡಬ್ಬಕ್ಕೆ ಕೊಕ್ಕು ಹಾಕಿ ಎರಡು ನುಂಗಿದಳು. ರಜೆ ಇಸ್ತ್ರಿ ಮಾಡಿಟ್ಟ ಒಂದು ಕೋಟಿನ ಮೇಲೆ ಮಲಗಿ, ಜೀವಮಾನದಲ್ಲೇ ಮೊದಲ ಸಲ ಒಂದು ಮೊಟ್ಟೆ ಇಟ್ಟಳು.

ಹತ್ತು ಗಂಟೆಗೆ ಇನ್ಸ್‌ಪೆಕ್ಟರು ಬಂದರು. ಗಂಡ ಕೆಲಸಕ್ಕೆ ರಜೆ ಹಾಕಿ ಜೊತೆಗಿದ್ದರು. ನಾನು ಹೊಲಿಗೆ ಕೋಣೆಯ ಬಾಗಿಲು ಎಳೆದುಕೊಂಡು, ವಾಸ ಪೂರ್ತಿ ನಿಂತಿದೆ, ನೀವೇ ನೋಡಿ ಅಂತ ಹಿತ್ತಲಿಗೆ ಕರೆದೊಯ್ದೆ. ಅವರು ದಪ್ಪ ಹಿಡಿಕೆ ಎಳೆದು ಗೂಡಿನ ಬಾಗಿಲು ತೆರೆದರು.

ಒಳಗೆ ಅತ್ತೆ ಕೂತಿದ್ದರು. ಮೋಟು ಸ್ಟೂಲಿನ ಮೇಲೆ, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ನಾನು ಕೊಟ್ಟಿದ್ದ ಒಂದು ಲಂಗದ ಅಂಚು ಹೊಲಿಯುತ್ತಿದ್ದರು. ಪಕ್ಕದ ತಟ್ಟೆಯಲ್ಲಿ ನೀರಿನ ಲೋಟ, ಗೋಡೆಗೆ ಆನಿಸಿದ ದಿಂಬು, ಕೋಳಿಗಳ ಕೋಲಿನ ಮೇಲೆ ಒಣಗಲು ಹಾಕಿದ ಟವೆಲು. ಹತ್ತು ಗಂಟೆಯಾದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ನಮ್ಮನ್ನು ನೋಡಿ, ಬಾಗಿಲು ಹಾಕಬೇಡಿ, ಗಾಳಿ ಬರಲಿ ಅಂದರು.

ಇನ್ಸ್‌ಪೆಕ್ಟರು ನಮೂನೆಯಲ್ಲಿ ಹೊಸ ಪುಟ ತೆಗೆದರು. ಮುಂಚಿನ ಆರು ಜನ ಖಾಲಿ ಮಾಡಿದ್ದಾರೆ, ಹೊಸದಾಗಿ ಒಬ್ಬ ಹಿರಿಯ ಮಹಿಳೆ ಬಂದು ಸೇರಿದ್ದಾರೆ ಅಂತ ಬರೆಯತೊಡಗಿದರು. ನಾನು ತಬ್ಬಿಬ್ಬಾಗಿ ನಿಂತೆ. ವಾಸ ಈಗ ಕೋಳಿಯದಲ್ಲ, ನಮ್ಮ ಅತ್ತೆಯದು. ಸೊಸೆ ಅತ್ತೆಯನ್ನು ಕೋಳಿಗೂಡಿನಲ್ಲಿಟ್ಟಿದ್ದಾಳೆ ಅಂತ ಸರ್ಕಾರಿ ಕಾಗದದಲ್ಲಿ ದಾಖಲಾಗುತ್ತಿತ್ತು. ಗೂಡು ಹೋಗುತ್ತದೆ, ಕೋಳಿ ಹೋಗುತ್ತವೆ, ಅತ್ತೆ ಹೋಗುತ್ತಾರೆ, ನನ್ನ ಮಾನವೂ ಹೋಗುತ್ತದೆ ಅಂತ ನನಗೆ ಅಳು ಬಂತು.

ಆಗ ಗೋಡೆಯ ಆಚೆ ಕೆಮ್ಮು ಕೇಳಿಸಿತು. ಒತ್ತಕ್ಷರ ಸ್ಟೂಲು ಹಾಕಿಕೊಂಡು ಗೋಡೆ ಹತ್ತಿ, ನಮ್ಮ ಹಿತ್ತಲಿಗೆ ಇಳಿಯುತ್ತಿದ್ದರು. ಐದು ದಿನದ ಗಡ್ಡ, ಕೈಯಲ್ಲಿ ಕೆಂಪು ಪೆನ್ನು. ನೇರ ಇನ್ಸ್‌ಪೆಕ್ಟರ ಮುಂದೆ ಬಂದು ನಿಂತರು. "ತಪ್ಪು ಟೈಪಿಸ್ಟಿಂದಲ್ಲ, ನಂದು. ಸಾಲಿನ ಕೊನೇಲಿ ಪದ ಸೀಳಿದ್ದೀನಿ. ಗೆರೆ ಹಾಕಿಲ್ಲ." ದೂರಿನ ಹಾಳೆಯ ಮೇಲೆ 'ವಾಸ'ದ ಪಕ್ಕದಲ್ಲಿ ಅಡ್ಡಗೆರೆ ಎಳೆದು, ನೋಟೀಸಿನ ಮೇಲೆ 'ನೆ' ಸೇರಿಸಿ, ಎರಡಕ್ಕೂ ದಿನಾಂಕ ಹಾಕಿ ಸಹಿ ಮಾಡಿದರು. ಆ ಸಹಿಯ ಕೊಂಬು ಕೂಡ ಬಾಗಿಹೋಗಿತ್ತು. ಅವರನ್ನು ನಾನು ಅಷ್ಟು ದಿನ ಬೈದಿದ್ದಕ್ಕೆ ನಾಚಿಕೆಯಾಯಿತು.

ಇನ್ಸ್‌ಪೆಕ್ಟರಿಗೆ ಅದು ಸರಿ ಅನ್ನಿಸಿತು. ಹಾಗಾದರೆ ಇದು ವಾಸನೆ, ನೈರ್ಮಲ್ಯ ವಿಭಾಗದ ಪರವಾಗಿ ನಾನೇ ಮೂಸಿ ನೋಡಬೇಕು ಅಂದರು. ಗೂಡಿನೊಳಗೆ ನಾಲ್ಕು ಮೂಲೆಗಳಲ್ಲಿ ಬಗ್ಗಿ ಮೂಸಿದರು. ಅತ್ತೆ ಇನ್ನೂ ಕೆಳಗೆ ಬಗ್ಗಿ ಅಂತ ತೋರಿಸಿಕೊಟ್ಟರು. ಒತ್ತಕ್ಷರರೂ ಮೂಸಿ, ಏನೂ ಇಲ್ಲ ಅಂತ ಒಪ್ಪಿದರು. ವಾಸನೆ ಇಲ್ಲ ಅಂತ ಇನ್ಸ್‌ಪೆಕ್ಟರು ಬರೆದುಕೊಂಡಾಗ ನನ್ನ ಎದೆಯ ಮೇಲಿದ್ದ ಭಾರ ಇಳಿಯಿತು. ಕೋಳಿಗಳು ಉಳಿದವು, ಇನ್ನು ಅತ್ತೆ ಎಲ್ಲಿಗೂ ಹೋಗುವುದಿಲ್ಲ ಅಂದುಕೊಂಡೆ.

ಆದರೆ ಒಂದು ಪುಟ ಉಳಿದಿತ್ತು. ಹಿರಿಯ ಮಹಿಳೆಯ ಬಗ್ಗೆ ಶುರುಮಾಡಿದ ಪುಟವನ್ನು ಅರ್ಧಕ್ಕೆ ಬಿಡುವಂತಿಲ್ಲ, ತುಂಬಿಸಲೇಬೇಕು ಅಂದರು ಇನ್ಸ್‌ಪೆಕ್ಟರು. ಗಂಡನಿಗೆ ಅವಮಾನವಾಗಿ ಕಿವಿ ಕೆಂಪಾಗಿತ್ತು. ನಮ್ಮಮ್ಮನಿಗೆ ಮನೆಯಲ್ಲಿ ಬೇರೆ ಕೋಣೆಯೇ ಇದೆ, ಬಂದು ನೋಡಿ ಅಂತ ಎಲ್ಲರನ್ನೂ ಒಳಗೆ ಕರೆದುಕೊಂಡು ಹೋದರು. ಅತ್ತೆ ಬೇಡ, ಅಲ್ಲಿ ಏನು ನೋಡೋದು ಅನ್ನುತ್ತಾ ಹಿಂದೆ ಬಂದರು.

ಅತ್ತೆಯ ಕೋಣೆ ಮನೆಯ ಹಿಂಭಾಗದಲ್ಲಿದೆ, ಒಂದೇ ಕಿಟಕಿ. ಚಳಿಗಾಲದಲ್ಲಿ ಅವರಿಗೆ ಕೆಮ್ಮು ಬಂದಾಗ ಗಂಡ ಎರಡು ದಿನ ಕೂತು ಆ ಕಿಟಕಿಗೆ, ಬಾಗಿಲಿಗೆ, ಮಾಡಿನ ಸಂದಿಗೆ ರಬ್ಬರ್ ಕೂರಿಸಿದ್ದರು. ತಣ್ಣನೆ ಗಾಳಿ ಒಂದು ಎಳೆಯೂ ಒಳಗೆ ಬರಬಾರದು ಅಂತ. ಅದರ ಮೇಲೆ ನಾನು ದಪ್ಪ ಪರದೆ ಹೊಲಿದು ಹಾಕಿದ್ದೆ. ಅಮ್ಮನಿಗೆ ಮಗ ಸೊಸೆ ಎಷ್ಟು ಮಾಡುತ್ತಾರೆ ಅಂತ ಬೀದಿಯವರು ಹೊಗಳಿದ್ದರು.

ಕೋಣೆಯ ಬಾಗಿಲು ಟಪ್ ಅಂತ ಬಿಟ್ಟುಕೊಂಡಿತು. ಇನ್ಸ್‌ಪೆಕ್ಟರ ಕನ್ನಡಕಕ್ಕೆ ಮಂಜು ಹಿಡಿಯಿತು. ಅವರ ಕೈಯ ಹಾಳೆ ನೋಡನೋಡುತ್ತಿದ್ದಂತೆ ಮೆತ್ತಗಾಗಿ ಬಾಗಿತು. ಮಂಚದ ಹಿಂದಿನ ಗೋಡೆಯಲ್ಲಿ ಕಪ್ಪು ಬೂಷ್ಟು ಮಾಡಿನವರೆಗೆ ಹತ್ತಿತ್ತು. ಒತ್ತಕ್ಷರ ಬಾಗಿಲಲ್ಲೇ ನಿಂತು ಕರವಸ್ತ್ರ ಮೂಗಿಗೆ ಹಿಡಿದರು. ನಾನು ದಿನಾ ಆ ಕೋಣೆಯ ಬಾಗಿಲಿನವರೆಗೆ ಕಾಫಿ ತಂದುಕೊಡುವವಳು, ಮುಸ್ಸಂಜೆಯಲ್ಲಿ ಪರದೆ ಸರಿಪಡಿಸಿ ಬರುವವಳು. ಆ ಗೋಡೆಯನ್ನು ಒಂದು ಸಲವೂ ನೋಡಿರಲಿಲ್ಲ.

ಇನ್ಸ್‌ಪೆಕ್ಟರು ಕಾಲಮ್ಮು ಓದಿದರು. ಗೂಡಿನಲ್ಲಿ ಎಷ್ಟು ಕಾಲದಿಂದ ವಾಸ ಅಂತ. ಅತ್ತೆ ಮಗನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ಮೂರು ತಿಂಗಳಿಂದ ಅಂದರು. ಇವನು ಅದಕ್ಕೂ ರಬ್ಬರ್ ಹಾಕಿದ್ದ ದಿನಗಳನ್ನು ಬಿಟ್ಟು ಅಂತ ಸೇರಿಸಿದರು. ಕಾರಣ ಅಂತ ಇನ್ಸ್‌ಪೆಕ್ಟರು ಮುಂದಿನ ಕಾಲಮ್ಮಿಗೆ ಪೆನ್ನು ಇಟ್ಟರು.

ಕೋಳಿಗಳ ಪರವಾಗಿ ಬೀದಿಗೆಲ್ಲ ಕೇಳುವಂತೆ ಕೂಗಾಡಿದವರಿಗೆ ತಮ್ಮ ಪರವಾಗಿ ಒಂದು ಮಾತು ಹೊರಡುತ್ತಿರಲಿಲ್ಲ. ಗೂಡು ಹೋದರೆ ಅವರಿಗೆ ಮಗಳ ಮನೆಯೇ ಗತಿ ಯಾಕೆ ಅನ್ನುವುದು ನನಗೆ ಆಗ 'ಪಕ್' ಅಂತ ಹೊಳೆಯಿತು. ಕೋಳಿಗಳ ಮೇಲಿನ ಪ್ರೀತಿ ಅಂತ ನಾನು ತಿಳಿದಿದ್ದೆ. ಪ್ರೀತಿ ಇತ್ತು, ಆದರೆ ಈ ಮನೆಯಲ್ಲಿ ಅವರಿಗೆ ಉಸಿರಾಡಲು ಉಳಿದಿದ್ದು ಆ ಒಂದೇ ಜಾಗ.

"ಹೇಳಬಾರದಿತ್ತಾ ಅಮ್ಮ?" ಅಂದರು ಗಂಡ.

"ನೀನು ಎರಡು ದಿನ ಊಟ ಸರಿಯಾಗಿ ಮಾಡ್ದೆ ಕೂತು ಹಾಕಿದ್ದೆ ಕಣೋ" ಅಂದರು ಅತ್ತೆ. "ನನಗೆ ಚಳಿ ಆಗ್ಬಾರ್ದು ಅಂತ. ಅದನ್ನ ಹೇಗೆ ಬೇಡ ಅನ್ನಲಿ."

ಗಂಡ ಹೊರಗೆ ಹೋಗಿ ಚೀಲದಿಂದ ಸ್ಕ್ರೂಡ್ರೈವರು ತಂದರು. ರಬ್ಬರ್ ಮಾತ್ರ ತೆಗೆಯುತ್ತಾರೆ ಅಂದುಕೊಂಡಿದ್ದೆವು. ಅವರು ಪರದೆ ಕಿತ್ತು, ಒಂದೊಂದೇ ಮೊಳೆ ಬಿಚ್ಚಿ, ಚೌಕಟ್ಟಿನ ಸಮೇತ ಕಿಟಕಿಯನ್ನೇ ಗೋಡೆಯಿಂದ ಹೊರತೆಗೆದುಬಿಟ್ಟರು. ಹೊರಗಿನ ಗಾಳಿ ಒಮ್ಮೆಗೇ ನುಗ್ಗಿ ಹಾಸಿಗೆಯ ಬಟ್ಟೆ ಎದ್ದು ಕೂತಿತು. ಅವರು ಗಾಜಿನ ಕಿಟಕಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದನ್ನು ಎಲ್ಲಿಡಬೇಕು ಅನ್ನುವುದು ತಿಳಿಯದೆ ನಿಂತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಅತ್ತೆ ಹೋಗಿ ತಮ್ಮ ಹೆಗಲ ಮೇಲಿದ್ದ ಬಟ್ಟೆಯಿಂದ ಅವರ ಮುಖ ಒರೆಸಿದರು. ಕೆಳಗಿಡು, ಅಂಚು ಕೈ ಕೊಯ್ಯುತ್ತೆ ಅಂದರು. ಇನ್ಸ್‌ಪೆಕ್ಟರು ತಲೆ ತಗ್ಗಿಸಿಕೊಂಡೇ, ಕಾರಣದ ಜಾಗ ಇನ್ನೂ ಖಾಲಿ ಇದೆ ಅಂತ ಮೆಲ್ಲಗೆ ನೆನಪಿಸಿದರು.

"ಮಗ ಕಿಟಕಿ ತೆಗೆದ ಅಂತ ಬರ್ಕೊಳ್ಳಿ" ಅಂದರು ಅತ್ತೆ. "ಇನ್ನು ನಾನು ಇಲ್ಲೇ ಇರ್ತೀನಿ."

ಅದು ಕಾರಣದ ಕಾಲಮ್ಮಿಗೆ ಹೊಂದುವ ಉತ್ತರವಲ್ಲ ಅನ್ನುವುದು ಎಲ್ಲರಿಗೂ ಗೊತ್ತಿತ್ತು. ಒತ್ತಕ್ಷರ ಕೂಡ ತಿದ್ದಲಿಲ್ಲ. ಇನ್ಸ್‌ಪೆಕ್ಟರು ಅತ್ತೆ ಹೇಳಿದ ಹಾಗೆಯೇ ಬರೆದುಕೊಂಡು ಅವರ ಸಹಿ ಹಾಕಿಸಿಕೊಂಡರು.